ಯಾರು ತಾವು, ಏನು ಕಾರಣ ಬಂದಿರಿ?

ಟ್ರಂಕು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಇಲಿ ಹಿಕ್ಕೆಯ ವಾಸನೆ. ಮೇಲಿದ್ದ ಹಳೆ ಸೀರೆ ಸರಿಸಿದರೆ ಬಯಲಾಟದ ಭೀಮನ ಭುಜಕೀರ್ತಿ, ಹೆಗಲಿಗೆ ಕಟ್ಟುವ ಮರದ ಆಭರಣ. ಎಡಗಡೆಯದನ್ನು ಗೆದ್ದಲು ಪೂರಾ ತಿಂದಿತ್ತು, ಮುಟ್ಟಿದರೆ ಹಿಟ್ಟು. ಬಲಗಡೆಯದರಲ್ಲಿ ಬೇಗಡೆ ಇನ್ನೂ ಮಿಂಚುತ್ತಿತ್ತು. ದೊಡ್ಡಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ನಿಂಗೆ ಕಂಪ್ಯೂಟರ್ ಗೊತ್ತೈತಲ್ಲಪ್ಪ, ಇದಕ್ಕೆ ಎಲ್ಲಿಂದಾದ್ರೂ ದುಡ್ಡು ಬರ್ತದೇನು ನೋಡು" ಅಂದರು.

ನಾನು ದಾವಣಗೆರೆಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟವನು. ಹದಿನೈದು ವರ್ಷದಿಂದ ಊರವರ ಅರ್ಜಿಗಳನ್ನೆಲ್ಲ ತುಂಬಿ ಕೊಟ್ಟಿದ್ದೇನೆ. ಹಾಗಾಗಿ ಇದು ಒಂದು ವಾರದ ಕೆಲಸ ಅಂದುಕೊಂಡೆ. ಅದು 2022ರ ಜೂನ್. ಕೊನೆಯ ರೂಪಾಯಿ ಖಾತೆಗೆ ಬೀಳುವ ಹೊತ್ತಿಗೆ ಎರಡೂವರೆ ವರ್ಷ ಆಗಿತ್ತು.

ನಮ್ಮೂರು ಜಗಳೂರು ತಾಲ್ಲೂಕಿನಲ್ಲಿದೆ. ಮಳೆ ನೆಚ್ಚಿಕೊಂಡ ಹೊಲ, ಮೆಕ್ಕೆಜೋಳ, ಕಡಲೆ. ಊರಿನ ಬಯಲಾಟ ಸಂಘಕ್ಕೆ ದೊಡ್ಡಪ್ಪ ಮೇಷ್ಟ್ರು. ನಮ್ಮ ಕಡೆ ಬಯಲಾಟ ಅಂದರೆ ದೊಡ್ಡಾಟ. ಮರದ ಕಿರೀಟ, ಭುಜಕೀರ್ತಿ, ಎದೆಕಟ್ಟು ಹಾಕಿಕೊಂಡು ರಾತ್ರಿಯಿಡೀ ಅಟ್ಟದ, ಅಂದರೆ ಎತ್ತರಕ್ಕೆ ಕಟ್ಟಿದ ರಂಗದ, ಮೇಲೆ ಕುಣಿಯುವ ಆಟ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆ ಎಲ್ಲ ಸೇರಿದರೆ ಒಳ್ಳೇ ಭಾರ. ಅದನ್ನು ಹೊತ್ತು ಹೆಜ್ಜೆ ಹಾಕಲು ತಿಂಗಳುಗಟ್ಟಲೆ ತಾಲೀಮು ಬೇಕು. ಮೊದಲೆಲ್ಲ ಊರವರು ಪಟ್ಟಿ ಎತ್ತಿ ಆಟ ಆಡಿಸುತ್ತಿದ್ದರು. ಕೊರೊನಾ ಬಂದಾಗ ನಿಂತದ್ದು ಮತ್ತೆ ಶುರುವಾಗಿರಲಿಲ್ಲ. ಟ್ರಂಕಿನ ಬೀಗವನ್ನೂ ಯಾರೂ ತೆಗೆದಿರಲಿಲ್ಲ.

ದುಡ್ಡು ಎಲ್ಲಿ ಸಿಗುತ್ತದೆ ಅಂತ ಹುಡುಕಿದಾಗ ಮೂರು ಬಾಗಿಲು ಕಂಡವು. ಒಂದು, ನಮ್ಮ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ನೋಂದಣಿಯಾದ ಸಂಘಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಎರಡನೆಯದು ಕೇಂದ್ರದ ಸಂಸ್ಕೃತಿ ಸಚಿವಾಲಯ. ಅಲ್ಲಿ ಗುರು ಶಿಷ್ಯ ಪರಂಪರೆಗೆ ಒಂದು ಯೋಜನೆ, ಕಾರ್ಯಕ್ರಮ ಮತ್ತು ಹೊಸ ಪ್ರಯೋಗಗಳಿಗೆ ಇನ್ನೊಂದು. ಈ ಕಾರ್ಯಕ್ರಮದ ಯೋಜನೆಯಲ್ಲಿ ಸಾಮಾನ್ಯವಾಗಿ 5 ಲಕ್ಷದವರೆಗೆ ಸಿಗುತ್ತದೆ, ಅದೂ ಒಟ್ಟು ಖರ್ಚಿನ ನೂರಕ್ಕೆ 75 ಭಾಗ ಮಾತ್ರ, ಮಿಕ್ಕದ್ದು ನಾವೇ ಹಾಕಬೇಕು. ಮೂರನೆಯದು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಶುರುವಾದ ಸಂಸ್ಥೆ, ಸರ್ಕಾರದ್ದಲ್ಲ. ಸಂಘ ಇಲ್ಲದ ಒಬ್ಬನೇ ಕಲಾವಿದ ಕೂಡ ಅಲ್ಲಿ ಕೇಳಬಹುದು, ಕನ್ನಡದಲ್ಲೇ ಬರೆದು ಕಳಿಸಬಹುದು. ಇದು ನಮ್ಮ ಕಡೆ ತುಂಬಾ ಜನಕ್ಕೆ ಗೊತ್ತಿಲ್ಲ. ಇವಲ್ಲದೆ ಅಲ್ಲಿ ಇಲ್ಲಿ ಟ್ರಸ್ಟುಗಳೂ ಇವೆ. ನಮಗೆ ಕೊನೆಗೆ ದುಡ್ಡು ಕೊಟ್ಟವರು ಯಾರು ಅಂತ ಇಲ್ಲಿ ಹೇಳುವುದಿಲ್ಲ. ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ಲ.

ಸಂಘದ ಕಾಗದ ಪತ್ರ ಸರಿಯಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮದು ಸರಿಯಿರಲಿಲ್ಲ.

ಸಂಘ ನೋಂದಣಿಯಾದದ್ದು 1994ರಲ್ಲಿ. ಆಗ ಜಗಳೂರು ಇದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು, ನಾವು ಈ ಕಡೆ ಬಂದೆವು. ಆದರೆ ಸಂಘದ ಸರ್ಟಿಫಿಕೇಟು ಅಲ್ಲೇ ಉಳಿಯಿತು, ಅದರ ಮೇಲೆ ದುಂಡಗೆ ಚಿತ್ರದುರ್ಗದ ಸೀಲು. ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ ಒಂದನ್ನೇ ಒತ್ತಬೇಕು. ದಾವಣಗೆರೆ ಒತ್ತಿದರೆ ಸರ್ಟಿಫಿಕೇಟಿಗೆ ಹೊಂದುವುದಿಲ್ಲ. ಚಿತ್ರದುರ್ಗ ಒತ್ತಿದರೆ ಆಧಾರ್ ವಿಳಾಸಕ್ಕೆ ಹೊಂದುವುದಿಲ್ಲ. ಹಳೆ ಕಡತ ಹುಡುಕಿಕೊಂಡು ಎರಡೂ ಊರಿಗೆ ಬಸ್ಸಿನಲ್ಲಿ ಓಡಾಡಿದೆ. ಒಂದು ಕಡೆ "ಇಲ್ಲಿಲ್ಲ, ಅಲ್ಲಿ ಕೇಳ್ರಿ", ಇನ್ನೊಂದು ಕಡೆ "ಅಲ್ಲೇ ಇರ್ಬೇಕು ನೋಡ್ರಿ". ನಾಲ್ಕನೇ ಸಲ ಹೋದಾಗ ಒಬ್ಬ ಹಿರಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿ, ಕೆಂಪು ಬಟ್ಟೆಯ ಗಂಟೊಂದನ್ನು ಬಿಚ್ಚಿ ಹತ್ತೇ ನಿಮಿಷದಲ್ಲಿ ತೆಗೆದುಕೊಟ್ಟರು. ಅವರ ಊರಲ್ಲೂ ಬಯಲಾಟ ಇತ್ತಂತೆ. ಅವರಪ್ಪ ಸ್ತ್ರೀ ಪಾತ್ರ ಮಾಡುತ್ತಿದ್ದರಂತೆ. ಚಹಾ ಕೂಡ ಅವರೇ ಕುಡಿಸಿದರು.

ಕಡತ ಸಿಕ್ಕಿತು, ಅದರ ಜೊತೆ ಇನ್ನೊಂದು ತಲೆನೋವೂ ಸಿಕ್ಕಿತು. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಜನ ಇದನ್ನೇ ರಿನ್ಯೂವಲ್ ಅನ್ನುತ್ತಾರೆ. ನಮ್ಮ ಸಂಘ ಕೊನೆಯ ಸಲ ಲೆಕ್ಕ ಕೊಟ್ಟದ್ದು 2009ರಲ್ಲಿ. ಆಗಿನ ಪಟ್ಟಿಯಲ್ಲಿದ್ದ ಏಳು ಜನರಲ್ಲಿ ಮೂವರು ತೀರಿಕೊಂಡಿದ್ದರು. ಖಜಾಂಚಿ ಹುಬ್ಬಳ್ಳಿಯಲ್ಲಿ ಮಗಳ ಮನೆ ಸೇರಿದ್ದರು. ದಂಡ ಕಟ್ಟಿ, ಹೊಸ ಪದಾಧಿಕಾರಿಗಳನ್ನು ಆರಿಸಿ, ಅಷ್ಟೂ ವರ್ಷದ ಲೆಕ್ಕ ಬರೆಸಿದೆವು. ಆಡಿಟರ್ ನಕ್ಕರು. "ಒಳಗೆ ಬಂದದ್ದೂ ಇಲ್ಲ, ಹೊರಗೆ ಹೋದದ್ದೂ ಇಲ್ಲ. ಇಷ್ಟು ಸ್ವಚ್ಛ ಬ್ಯಾಲೆನ್ಸ್ ಶೀಟು ನಾ ನೋಡೇ ಇಲ್ಲ ಬಿಡ್ರಿ."

ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಸಂಘಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ ಪೋರ್ಟಲಿನಲ್ಲಿ ನಂಬರು. ಇವೆಲ್ಲ ಒಂದರ ಹಿಂದೆ ಒಂದು ಆದವು, ಅದನ್ನು ಹೇಳುತ್ತಾ ಕೂರುವುದಿಲ್ಲ. ಒಂದೇ ಮಾತು. ಪ್ಯಾನ್, ಆಧಾರ್, ಪಾಸ್‌ಬುಕ್ಕು, ಸಂಘದ ಸರ್ಟಿಫಿಕೇಟು ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ದೊಡ್ಡಪ್ಪನ ಹೆಸರು ಮೂರು ಕಡೆ ಮೂರು ಥರ ಇತ್ತು.

ಮೊದಲ ಅರ್ಜಿ ಹಾಕಿದ್ದು ಆ ವರ್ಷದ ದೀಪಾವಳಿ ಹೊತ್ತಿಗೆ. ಈಗ ಅದನ್ನು ಓದಿದರೆ ನನಗೇ ನಾಚಿಕೆ. ಉದ್ದೇಶ ಅನ್ನುವ ಕಾಲಮ್ಮಿನಲ್ಲಿ "ನಶಿಸಿ ಹೋಗುತ್ತಿರುವ ಗ್ರಾಮೀಣ ಕಲೆಯನ್ನು ಉಳಿಸಿ ಬೆಳೆಸಿ ಮುಂದಿನ ಪೀಳಿಗೆಗೆ ತಲುಪಿಸುವುದು" ಅಂತ ಬರೆದಿದ್ದೆ. ಇದೇ ಸಾಲನ್ನು ನನ್ನ ಅಂಗಡಿಯಲ್ಲಿ ಎಷ್ಟು ಸಂಘದವರಿಗೆ ಟೈಪ್ ಮಾಡಿಕೊಟ್ಟಿದ್ದೇನೋ. ಡೊಳ್ಳು, ಭಜನೆ, ಭರತನಾಟ್ಯ, ಎಲ್ಲಕ್ಕೂ ಅದೇ ಸಾಲು. ಮೇಲಾಗಿ ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಹಾಗೇ ಅಂಟಿಸಿಬಿಟ್ಟಿದ್ದೆ. ಆ ಕಡೆ ಓದಿದವರಿಗೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಂಡಿರಬೇಕು. ಡಿಟಿಪಿ ಅಂಗಡಿಯವನು ಮಾಡುವ ತಪ್ಪಾ ಅದು? ಮಾಡಿದೆ. ಜೊತೆಗೆ, ಜಾಸ್ತಿ ಕೇಳಿದರೆ ಕೊಡಲ್ಲ ಅಂತ ಹೆದರಿ ಬರೀ 60,000 ಕೇಳಿದ್ದೆ. ಆ ದುಡ್ಡಿಗೆ ಕಿರೀಟಗಳೂ ಸರಿಹೋಗುವುದಿಲ್ಲ, ಆಟವೂ ಆಗುವುದಿಲ್ಲ.

ನಾಲ್ಕು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಪರಿಗಣಿಸಲು ಸಾಧ್ಯವಾಗಿಲ್ಲ ಅಂತ.

ದೊಡ್ಡಪ್ಪನಿಗೆ ಹೇಳಲು ಊರಿಗೆ ಹೋದೆ. ಅವರು ಕಟ್ಟೆ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಬೇಜಾರು ಮಾಡಿಕೊಳ್ಳಲಿಲ್ಲ. "ಏನು ಬರ್ದಿದ್ದೆ, ಓದು" ಅಂದರು. ಓದಿದೆ. ಪೂರ್ತಿ ಕೇಳಿದರು. ಕೇಳಿ, "ಇದರಾಗ ನಾವೆಲ್ಲಿದೀವಿ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಅರ್ಜಿ ಅಂದ್ರೆ ಸಾರಥಿ ಕೇಳಿದಂಗಲ್ವೇನೋ? ಏನೇನು ಕೇಳ್ಯಾರ ಅದರಾಗ?"

ಬಯಲಾಟ ನೋಡದವರಿಗೆ ಹೇಳಬೇಕು. ನಮ್ಮ ಆಟದಲ್ಲಿ ಪಾತ್ರ ಅಟ್ಟಕ್ಕೆ ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ಸಾರಥಿ ಅಡ್ಡ ನಿಂತು ಕೇಳುತ್ತಾನೆ. ಈ ರಂಗಸ್ಥಳಕ್ಕೆ ಬಂದಂಥವರು ಯಾರು ತಾವು, ತಮ್ಮ ಸ್ಥಳ ಯಾವುದು, ಏನು ಕಾರಣ ಬಂದಿರಿ. ಬಂದವನು ಅರ್ಜುನನೇ ಆಗಿರಲಿ, ರಾವಣನೇ ಆಗಿರಲಿ, ಮೊದಲು ಅದಕ್ಕೆ ಉತ್ತರ ಕೊಡಬೇಕು. ಜನಕ್ಕೆ ಬಂದವನು ರಾವಣ ಅಂತ ಗೊತ್ತಿದ್ದರೂ ಸಾರಥಿ ಕೇಳದೆ ಬಿಡುವುದಿಲ್ಲ.

ನಾನು ಅರ್ಜಿಯ ಕಾಲಮ್ಮುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಸಂಸ್ಥೆಯ ಪರಿಚಯ. "ಯಾರು ತಾವು." ಕಾರ್ಯಕ್ಷೇತ್ರ. "ಸ್ಥಳ ಯಾವುದು." ಯೋಜನೆಯ ಉದ್ದೇಶ. "ಏನು ಕಾರಣ ಬಂದಿರಿ." ದೊಡ್ಡಪ್ಪ ನಕ್ಕು ಎಲೆಯ ತೊಟ್ಟು ಬಿಸಾಕಿದರು. "ಮತ್ತೆ? ಸಾರಥಿ ಕೇಳ್ದಾಗ ರಾವಣ ಏನು, ನಾನೊಬ್ಬ ರಾಕ್ಷಸ ಕುಲವನ್ನು ಉಳಿಸಿ ಬೆಳೆಸುವವನು ಅಂತಾನಾ? ಲಂಕೆ ಅಂತಾನ, ಹತ್ತು ತಲೆ ಅಂತಾನ, ಎಲ್ಲಾ ಬಿಡಿಸಿ ಹೇಳ್ತಾನ."

ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಕಟ್ಟೆ ಮೇಲಿಟ್ಟೆ. ದೊಡ್ಡಪ್ಪ ಒಂದೂವರೆ ತಾಸು ಮಾತಾಡಿದರು. ಮೊದಲು ಹದಿನೆಂಟು ಜನ ಇದ್ದೆವು, ಈಗ ಗೆಜ್ಜೆ ಕಟ್ಟುವವರು ಏಳು ಮಂದಿ. ಅದರಲ್ಲಿ ಚಿಕ್ಕವನಿಗೆ ಐವತ್ತೊಂದು ವರ್ಷ. ಮದ್ದಳೆಯವನಿಗೆ ಮೊಣಕಾಲು ನೋವು, ಮುಖವೀಣೆ ಊದುವವನು ಒಬ್ಬನೇ, ಅವನ ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ. ಕೈಬರಹದ ಪ್ರಸಂಗದ ನೋಟ್‌ಬುಕ್ಕು ಒಂಬತ್ತು ಇವೆ, ಎರಡು ನೀರು ಬಿದ್ದು ಅಂಟಿಕೊಂಡಿವೆ. ಹುಡುಗರು ಬರುತ್ತಾರಾ ಅಂತ ಕೇಳಿದೆ. "ಬರ್ತಾರ. ಕಿರೀಟ ಇಟ್ಟು ಫೋಟೋ ತಗಸ್ಕಣಾಕಾದ್ರೂ ಬರ್ತಾರ. ಬಂದ ಮ್ಯಾಲೆ ಹಿಡ್ಕಣದು ನನ್ನ ಕೆಲ್ಸ."

ಎರಡನೇ ಅರ್ಜಿ ಹೆಚ್ಚುಕಡಿಮೆ ಈ ಮಾತುಗಳೇ. ವಾಕ್ಯ ನೆಟ್ಟಗೆ ಮಾಡಿದೆ, ಅಷ್ಟೇ. ಹದಿನಾಲ್ಕು ಹುಡುಗರಿಗೆ ಮೂವತ್ತು ದಿನ ತಾಲೀಮು. ನಾಲ್ಕು ಜೊತೆ ಭುಜಕೀರ್ತಿ, ಆರು ಕಿರೀಟ ಹೊಸದಾಗಿ. ಕೊನೆಗೆ ಬಬ್ರುವಾಹನನ ಆಟ, ಒಂದು ಪೂರ್ತಿ ರಾತ್ರಿ. ಅದರ ಧ್ವನಿ ಮುದ್ರಣ. ಒಂಬತ್ತೂ ನೋಟ್‌ಬುಕ್ಕುಗಳ ಸ್ಕ್ಯಾನ್. ಫಲಿತಾಂಶ ಅನ್ನುವ ಕಾಲಮ್ಮಿನಲ್ಲಿ "ಹದಿನಾಲ್ಕರಲ್ಲಿ ಐದು ಜನ ಉಳಿದರೆ ಮುಂದಿನ ಹತ್ತು ವರ್ಷ ಆಟ ನಡೆಯುತ್ತದೆ" ಅಂತ ದೊಡ್ಡಪ್ಪ ಹೇಳಿದ್ದನ್ನೇ ಹಾಕಿದೆ. ಐದು ಅಂತ ಹಾಕಬೇಡ, ನೂರು ಅಂತ ಹಾಕು ಅಂದ ಸ್ನೇಹಿತರಿದ್ದರು. ಕೇಳಲಿಲ್ಲ.

ಬಜೆಟ್ಟಿಗೆ ಬಂದಾಗ ಜಗಳವೇ ಆಯಿತು. ಗುರುವಿನ ಗೌರವಧನ ಅಂತ ದಿನಕ್ಕೆ 500ರಂತೆ ಮೂವತ್ತು ದಿನಕ್ಕೆ 15,000 ಬರೆದೆ. ದೊಡ್ಡಪ್ಪ ಹೊಡೆದು ಹಾಕು ಅಂದರು. "ನಮ್ಮಪ್ಪನಿಗೆ ಯಾರು ದುಡ್ಡು ಕೊಟ್ಟಿದ್ರು? ಎಲೆ ಅಡಿಕೆ, ಒಂದು ಪಂಚೆ. ಮುಗೀತು." ಹಾಗಾದರೆ ಮದ್ದಳೆಯವರೂ ಮುಖವೀಣೆಯವರೂ ಬಿಟ್ಟಿ ಬರಬೇಕಾ, ತಿಂಗಳು ಪೂರ್ತಿ ಕೂಲಿ ಬಿಟ್ಟು ಅಂತ ಕೇಳಿದೆ. ಅದಕ್ಕೆ ಮಾತ್ರ ಸುಮ್ಮನಾದರು. ಹಿಮ್ಮೇಳದ ಮೂವರಿಗೆ 36,000 ಇರಲಿ ಅಂತ ಒಪ್ಪಿದರು. ದೊಡ್ಡಪ್ಪನ ಗೌರವಧನವನ್ನು ನಾನು ಅಳಿಸಲಿಲ್ಲ, ಅವರಿಗೆ ಹೇಳಲೂ ಇಲ್ಲ. ಕಿರೀಟ, ಭುಜಕೀರ್ತಿ ಕೆಲಸಕ್ಕೆ 48,000. ಊಟ, ಚಹಾಕ್ಕೆ 27,000. ಅಟ್ಟ, ಲೈಟು, ಮೈಕು, ಜನರೇಟರ್‌ಗೆ 35,000. ಬಟ್ಟೆ, ಬಣ್ಣ, ರೆಕಾರ್ಡಿಂಗ್, ಓಡಾಟ, ಆಡಿಟ್ ಎಲ್ಲ ಸೇರಿ ಒಟ್ಟು 2,25,000.

ಸಂಘದ ಪಾಲು ಅನ್ನುವ ಕಾಲಮ್ಮಿನಲ್ಲಿ ಮೊದಲ ಸಲ ಸೊನ್ನೆ ಹಾಕಿದ್ದೆ. ನಮ್ಮ ಹತ್ತಿರ ದುಡ್ಡೆಲ್ಲಿದೆ? ಈ ಸಲ ಆಡಿಟರ್ ತಿದ್ದಿದರು. ತಾಲೀಮಿಗೆ ದೇವಸ್ಥಾನದ ಪ್ರಾಂಗಣ ಬಾಡಿಗೆ ಇಲ್ಲದೆ ಸಿಗುತ್ತದೆ, ಆಟದ ರಾತ್ರಿ ಊರವರೇ ಅನ್ನ ಸಾರು ಮಾಡುತ್ತಾರೆ, ಅಟ್ಟ ಕಟ್ಟಲು ಆಳು ಕೊಡುತ್ತಾರೆ, ಪಾತ್ರಧಾರಿಗಳು ಸಂಭಾವನೆ ತೆಗೆದುಕೊಳ್ಳುವುದಿಲ್ಲ. "ಇದಕ್ಕೆಲ್ಲ ಬೆಲೆ ಇಲ್ಲೇನ್ರಿ? ಬರೀರಿ" ಅಂದರು. ಲೆಕ್ಕ ಹಾಕಿದರೆ 80,000 ಆಯಿತು. ಊರು ಸುಮ್ನೆ ಕೊಡುತ್ತಿದ್ದುದು ಇಷ್ಟೊಂದಾ ಅಂತ ನನಗೇ ಆಶ್ಚರ್ಯ.

2023ರ ಜುಲೈನಲ್ಲಿ ಅರ್ಜಿ ಹೋಯಿತು. ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ನಮ್ಮ ಹದಿನಾಲ್ಕು ಹುಡುಗರಲ್ಲಿ ಆರು ಜನ ದುಡಿಯಲು ಊರು ಬಿಟ್ಟರು. ನವೆಂಬರಿನಲ್ಲಿ ಅರ್ಜಿ ಹಾಕಿದ ಕಡೆಯಿಂದ ಒಂದು ಫೋನ್ ಬಂತು. ಹೆಣ್ಣುಮಗಳೊಬ್ಬರು, ದನಿ ಮೃದು, ಪ್ರಶ್ನೆ ಚೂಪು. ಮರದ ಭುಜಕೀರ್ತಿಯೇ ಯಾಕೆ, ಥರ್ಮಾಕೋಲಿನದು ಅಗ್ಗ ಅಲ್ವಾ ಅಂತ ಕೇಳಿದರು. ಫೋನನ್ನು ದೊಡ್ಡಪ್ಪನಿಗೆ ಕೊಟ್ಟೆ. "ತಾಯಿ, ಭಾರ ಇಲ್ದಿದ್ರೆ ಹೆಜ್ಜೆ ಹಾರ್ತದೆ. ನಮ್ಮ ಹೆಜ್ಜೆ ನೆಲಕ್ಕೆ ಬೀಳ್ಬೇಕು" ಅಂದರು. ಆ ಕಡೆ ಏನೋ ಬರೆದುಕೊಂಡ ಸದ್ದು.

ಡಿಸೆಂಬರಿನಲ್ಲಿ ಮಂಜೂರಾತಿ ಪತ್ರ ಬಂತು, 1,50,000. ಕೇಳಿದ್ದರಲ್ಲಿ 75,000 ಕಡಿಮೆ. ಮೊದಲು ಒಂದು ಲಕ್ಷ, ಕೆಲಸ ಮುಗಿಸಿ ಲೆಕ್ಕ ಕೊಟ್ಟ ಮೇಲೆ 50,000. ಪತ್ರ ಬಂತು, ದುಡ್ಡು ಬರಲಿಲ್ಲ. ಸಂಕ್ರಾಂತಿ ಆದರೂ ಇಲ್ಲ. ತಾಲೀಮು ತಡವಾದರೆ ಬೇಸಿಗೆ ಬರುತ್ತದೆ, ಯುಗಾದಿ ಬರುತ್ತದೆ. ನನ್ನ ಹೆಸರಲ್ಲಿ ಸೊಸೈಟಿಯಿಂದ 60,000 ಸಾಲ ತೆಗೆದೆ. ಮನೆಯಲ್ಲಿ ಹೇಳಿದ್ದು ಜೆರಾಕ್ಸ್ ಮಶೀನಿನ ರಿಪೇರಿಗೆ ಅಂತ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ ಬಿಡಿ.

ಆಟ 2024ರ ಫೆಬ್ರವರಿ ಕೊನೆಯ ಶನಿವಾರ. ಅನುಮತಿ ಕೇಳಲು ಹೋದಾಗ ಇನ್ನೊಂದು ತಕರಾರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ನಮ್ಮ ಆಟ ಶುರುವಾಗುವುದೇ ಹತ್ತಕ್ಕೆ. ನಾನು ತಲೆ ಮೇಲೆ ಕೈ ಹೊತ್ತೆ. ದೊಡ್ಡಪ್ಪ, "ನಮ್ಮಪ್ಪನ ಕಾಲಕ್ಕೆ ಮೈಕ್ ಎಲ್ಲಿತ್ತು?" ಅಂದರು. ಮೈಕ್ ಇಲ್ಲದೆ ಆಡಿದರು. ಜನ ಅಟ್ಟದ ಹತ್ತಿರಕ್ಕೇ ಬಂದು ಕೂತರು. ಒಂದು ಹೊತ್ತಿನಲ್ಲಿ, ಎರಡು ಗಂಟೆ ಇರಬೇಕು, ಹತ್ತನೇ ತರಗತಿಯ ಹುಡುಗ ಬಬ್ರುವಾಹನನಾಗಿ ಬಂದು ಸಾರಥಿಯ ಪ್ರಶ್ನೆಗೆ ಉತ್ತರ ಹೇಳುವಾಗ ದನಿ ಒಡೆಯಿತು. ಯಾರೂ ನಗಲಿಲ್ಲ. ಹಿಂದಿನಿಂದ ದೊಡ್ಡಪ್ಪ ಸಾಲು ಎತ್ತಿಕೊಟ್ಟರು. ಹುಡುಗ ಅದನ್ನು ಹಿಡಿದು ಮೇಲಕ್ಕೆ ಹೋದ. ಮೈಕಿನ ದುಡ್ಡು ಉಳಿಯಿತು, ಅದನ್ನು ಬಟ್ಟೆಯ ಬಾಬ್ತಿಗೆ ಹಾಕಲು ಮತ್ತೆ ಅನುಮತಿ ಪತ್ರ ಬರೆಯಬೇಕಾಯಿತು.

ಮೊದಲ ಕಂತಿನ ಒಂದು ಲಕ್ಷ ಬಂದದ್ದು ಆಟ ಮುಗಿದ ಹನ್ನೊಂದನೇ ದಿನ.

ಇನ್ನು ಬಿಲ್ಲು. ದುಡ್ಡು ಖರ್ಚು ಮಾಡುವುದಕ್ಕಿಂತ ಖರ್ಚಾಯಿತು ಅಂತ ತೋರಿಸುವುದೇ ಕಷ್ಟ. ಕಿರೀಟ ಕೆತ್ತಿದ ಆಚಾರಿಗೆ ಬಿಲ್ ಪುಸ್ತಕ ಅಂದರೇನು ಅಂತ ಗೊತ್ತಿಲ್ಲ. ಜಿಎಸ್‌ಟಿ ನಂಬರ್ ಬೇಕೇನೋ ಅಂತ ಹೆದರಿದ್ದೆ. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಅದು ಬೇಕಿಲ್ಲ, ಹೆಸರು, ವಿಳಾಸ, ತಾರೀಖು, ಕೆಲಸದ ವಿವರ, ಸಹಿ ಇದ್ದರೆ ಸಾಕು ಅಂತ ಆಡಿಟರ್ ಹೇಳಿದರು. ಆಚಾರಿಗೆ ನನ್ನ ಅಂಗಡಿಯಲ್ಲೇ ಒಂದು ಬಿಲ್ ಪುಸ್ತಕ ಮಾಡಿಕೊಟ್ಟೆ. ಮೇಲೆ ಕಿರೀಟದ ಚಿತ್ರ ಹಾಕು ಅಂದರು, ಹಾಕಿದೆ. 5,000 ದಾಟಿದ ರಸೀದಿಗೆಲ್ಲ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಬೇಕು. ಆ ಒಂದು ರೂಪಾಯಿ ಸ್ಟಾಂಪು ಹುಡುಕಿಕೊಂಡು ಮೂರು ಅಂಚೆ ಕಚೇರಿ ಸುತ್ತಿದೆ. ಗೌರವಧನ ಎಲ್ಲ ಬ್ಯಾಂಕಿನ ಮೂಲಕವೇ ಹೋಗಬೇಕು. ಮದ್ದಳೆಯವರ ಖಾತೆ ಕೆವೈಸಿ ಇಲ್ಲದೆ ನಿಂತುಹೋಗಿತ್ತು. ದೊಡ್ಡಪ್ಪನ ಖಾತೆಗೆ 15,000 ಬಿದ್ದಾಗ ಯಾರೋ ತಪ್ಪಾಗಿ ಹಾಕಿದ್ದಾರೆ ಅಂತ ಅವರು ಬ್ಯಾಂಕಿಗೆ ವಾಪಸ್ ಕೊಡಲು ಹೋಗಿದ್ದರು.

ಬಳಕೆ ಪ್ರಮಾಣಪತ್ರ, ಫೋಟೋ, ಪತ್ರಿಕೆಯಲ್ಲಿ ಬಂದ ಸುದ್ದಿ ಎಲ್ಲ ಸೇರಿಸಿ ಮಾರ್ಚ್ 12ಕ್ಕೆ ಕಳಿಸಿದೆ. 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು. ಯಾರನ್ನು ಕೇಳಿದರೂ ಅದೊಂದೇ ಉತ್ತರ. ಚುನಾವಣೆ ಮುಗಿಯಿತು, ಮಳೆಗಾಲ ಶುರುವಾಯಿತು. ಆಗಸ್ಟಿನಲ್ಲಿ ಒಂದು ಪತ್ರ. ಬಿಲ್ ನಂಬರ್ 14, ಎಲೆ ಅಡಿಕೆ, 640 ರೂಪಾಯಿ. ಈ ಖರ್ಚು ಯೋಜನೆಗೆ ಹೇಗೆ ಸಂಬಂಧಿಸಿದ್ದು ಅಂತ ಸ್ಪಷ್ಟೀಕರಣ ಕೊಡಿ.

ಮತ್ತೆ ಸಾರಥಿ ಅಡ್ಡ ನಿಂತ. ಒಂದು ಹಾಳೆಯ ಉತ್ತರ ಬರೆದೆ. ಹುಡುಗರು ತಾಲೀಮಿನ ಮೊದಲ ದಿನ ಗುರುವಿಗೆ ತಾಂಬೂಲ ಕೊಟ್ಟು ಕಾಲಿಗೆ ಬಿದ್ದ ಮೇಲೆಯೇ ಗೆಜ್ಜೆ ಮುಟ್ಟುವುದು, ಆಟದ ರಾತ್ರಿ ಗಣಪತಿ ಪೂಜೆಗೂ ಹಿಮ್ಮೇಳದವರಿಗೂ ತಾಂಬೂಲ ಇಡದೆ ಮದ್ದಳೆಗೆ ಕೈ ಹಾಕುವುದಿಲ್ಲ, ನಮ್ಮ ಗುರು ಜನ್ಮದಲ್ಲಿ ಕೇಳಿ ತೆಗೆದುಕೊಂಡ ಸಂಭಾವನೆ ಇದೊಂದೇ. ಹೀಗೆಲ್ಲ. ನಾನು ಬರೆದದ್ದರಲ್ಲಿ ಅದೇ ಚೆನ್ನಾಗಿತ್ತು ಅಂತ ನನಗನಿಸುತ್ತದೆ.

ಡಿಸೆಂಬರಿನಲ್ಲಿ ಎರಡನೇ ಕಂತು ಬಂತು. ಮೊಬೈಲಿಗೆ ಮೆಸೇಜು ಬಂದಾಗ ಅಂಗಡಿಯಲ್ಲಿ ಗಿರಾಕಿ ಇದ್ದರು, ಕೈಯಲ್ಲಿದ್ದ ಲಗ್ನಪತ್ರಿಕೆ ಕೆಳಗಿಟ್ಟು ನೋಡಿದೆ. 49,360.

ದೊಡ್ಡಪ್ಪನಿಗೆ ಪೂರಾ ಬಂತು ಅಂತ ಹೇಳಿದ್ದೇನೆ.